ಲೆಕ್ಕ ಸರಿಯಿತ್ತು

ಮಳೆಗಾಲ ಮುಗಿಯುತ್ತ ಬಂತೆಂದರೆ ಮುಂಬೈಯಲ್ಲಿ ಯಾರ ಮನೆಗೆ ಫೋನ್ ಮಾಡಿದರೂ ಒಂದೇ ಪ್ರಶ್ನೆ. "ಕೌಂಟ್ ಎಷ್ಟಾಯ್ತು?" ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ. ನಿನ್ನೆ ಎಂಬತ್ತು ಸಾವಿರ ಇತ್ತು, ಇವತ್ತು ಅರವತ್ತಕ್ಕೆ ಇಳಿಯಿತು, ಪಪ್ಪಾಯಿ ಎಲೆ ಎಲ್ಲಿ ಸಿಗುತ್ತದೆ... ಹೀಗೆ. ಡೆಂಗಿ ಜ್ವರದ ದೆಸೆಯಿಂದ ಪ್ಲೇಟ್‌ಲೆಟ್ ಎಂಬ ಶಬ್ದ ಈಗ ನಮ್ಮ ಬಿಲ್ಡಿಂಗಿನ ಎಲ್ಲರಿಗೂ ಬಾಯಿಪಾಠ.

ಈ ಕೌಂಟೇ ನನ್ನ ಅನ್ನ. ಕುಂದಾಪುರದ ಕಡೆಯ ಹಳ್ಳಿಯಿಂದ 1972ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ಇಲ್ಲಿಗೆ ಬಂದವನು ನಾನು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಪಾಠ. ನಮ್ಮ ತಲೆಮಾರಿನ ಬಹಳ ಮಂದಿಯ ಕಥೆ ಇದೇ, ಹೊಸದೇನಲ್ಲ. 1979ರಲ್ಲಿ ಒಂದು ಪೆಥಾಲಜಿ ಲ್ಯಾಬಿಗೆ ಬಾಟ್ಲಿ ತೊಳೆಯುವ ಹುಡುಗನಾಗಿ ಸೇರಿದೆ. ಆಮೇಲೆ ಕೋರ್ಸು ಮುಗಿಸಿ ಟೆಕ್ನಿಶಿಯನ್ ಆದೆ. 2018ರಲ್ಲಿ ನಿವೃತ್ತಿ.

ಮೊದಮೊದಲು ಪ್ಲೇಟ್‌ಲೆಟ್ಟನ್ನು ಕಣ್ಣಿನಿಂದಲೇ ಎಣಿಸಬೇಕಿತ್ತು. ರಕ್ತಕ್ಕೆ ಅಮೋನಿಯಂ ಆಕ್ಸಲೇಟ್ ದ್ರಾವಣ ಬೆರೆಸಿದರೆ ಕೆಂಪು ಕಣಗಳು ಒಡೆದು ಮಾಯವಾಗುತ್ತವೆ. ಆ ದ್ರವವನ್ನು ಗೆರೆ ಕೊರೆದ ಗಾಜಿನ ಚೇಂಬರಿಗೆ ಹಾಕಿ, ಒದ್ದೆ ಕಾಗದ ಇಟ್ಟ ತಟ್ಟೆಯೊಳಗೆ ಇಪ್ಪತ್ತು ನಿಮಿಷ ಮುಚ್ಚಿಡಬೇಕು. ಕಣಗಳೆಲ್ಲ ತಳಕ್ಕೆ ಕೂತ ಮೇಲೆ ಮೈಕ್ರೋಸ್ಕೋಪಿನಲ್ಲಿ ಎಣಿಕೆ. ಒಂದೊಂದು ಪ್ಲೇಟ್‌ಲೆಟ್ ಎರಡು ಮೂರು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ನಾನೂರನ್ನು ಸಾಲಾಗಿ ನಿಲ್ಲಿಸಬಹುದು. ಮಾಡಿನ ಹಂಚಿನ ಸಂದಿಯಿಂದ ಬಿಸಿಲುಕೋಲು ಬಿದ್ದಾಗ ಧೂಳು ಮಿನುಗುತ್ತದಲ್ಲ, ನೋಡಲು ಹಾಗೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇದ್ದರೆ ಸರಿ. ಸರಿಯಿದ್ದರೆ 'ನಾರ್ಮಲ್' ಎಂದು ಬರೆದು ಮುಂದಿನ ಟ್ಯೂಬಿಗೆ ಕೈ ಹಾಕುವುದು. ಆಮೇಲೆ ಮೆಷಿನ್ ಬಂತು, ಕಣ್ಣಿನ ಕೆಲಸ ಕಡಿಮೆಯಾಯಿತು. ಆದರೆ ಲೆಕ್ಕ ಸರಿಯಿದ್ದರೆ ಎಲ್ಲ ಸರಿ ಎಂಬ ನನ್ನ ನಂಬಿಕೆ ಹಾಗೆಯೇ ಉಳಿಯಿತು.

ಇರಲಿ, ಹೇಳಹೊರಟದ್ದು ಬೇರೆ.

ಈಚೆಗೆ ಇಲ್ಲಿ ರಕ್ತ ಹೆಪ್ಪುಗಟ್ಟುವಿಕೆಯ ಬಗ್ಗೆ ಎರಡು ದಿನದ ಒಂದು ಸಮ್ಮೇಳನ ನಡೆಯಿತು. ಮೊದಲ ದಿನ ಟೆಕ್ನಿಶಿಯನ್‌ಗಳಿಗೆ ಕಲಿಸುವ ಕಾರ್ಯಾಗಾರ, ಎರಡನೇ ದಿನ ಡಾಕ್ಟರುಗಳ ಭಾಷಣ. ನಮ್ಮ ಲ್ಯಾಬಿನಲ್ಲಿ ನನ್ನ ಕೈಕೆಳಗೆ ಕಲಿತ ಹುಡುಗನೊಬ್ಬ ಈಗ ದೊಡ್ಡ ಆಸ್ಪತ್ರೆಯಲ್ಲಿದ್ದಾನೆ. "ಅಣ್ಣಾ, ಮನೆಯಲ್ಲಿ ಕೂತು ಏನು ಮಾಡ್ತೀರಿ, ಬನ್ನಿ" ಎಂದು ಹೆಸರು ಕೊಟ್ಟೇಬಿಟ್ಟ. ಮಗಳ ಮದುವೆಗೆ ಹೊಲಿಸಿದ ಪ್ಯಾಂಟು ಹಾಕಿಕೊಂಡು ಹೋದೆ. ಕೊರಳಿಗೊಂದು ಪಟ್ಟಿ, ಹೆಗಲಿಗೊಂದು ಚೀಲ, ಚೀಲದಲ್ಲಿ ಒಂದು ಪೆನ್ನು, ಒಂದು ನೋಟ್‌ಪ್ಯಾಡು. ಅರವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ 'ಡೆಲಿಗೇಟ್' ಆದೆ!

ಮೊದಲ ದಿನ ತೋರಿಸಿದ್ದು ಅಗ್ರಿಗೋಮೀಟರ್ ಎಂಬ ಯಂತ್ರ. ಲಂಡನ್ನಿನ ಗುಸ್ತಾವ್ ಬಾರ್ನ್ 1962ರಲ್ಲಿ ಕಂಡುಹಿಡಿದ ಉಪಾಯ ಇದು, ಬಹಳ ಸರಳ. ರಕ್ತವನ್ನು ಮೆಲ್ಲಗೆ ತಿರುಗಿಸಿದರೆ ಕೆಂಪು ಕಣ ಕೆಳಗೆ ಕೂತು ಮೇಲೆ ಪ್ಲೇಟ್‌ಲೆಟ್ ತುಂಬಿದ ಹಳದಿ ದ್ರವ ಉಳಿಯುತ್ತದೆ. ನೀರು ಮಜ್ಜಿಗೆಯ ಹಾಗೆ ಮಬ್ಬು. ಅದರ ಮೂಲಕ ಬೆಳಕು ಹಾಯಿಸಬೇಕು. ಆಮೇಲೆ ಎಡಿಪಿ ಎಂಬ ರಾಸಾಯನಿಕವನ್ನು ಒಂದಿಷ್ಟು ಬಿಟ್ಟರೆ ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಹಿಡಿದುಕೊಂಡು ಗಂಟುಕಟ್ಟುತ್ತವೆ, ಮಬ್ಬು ತಿಳಿಯಾಗುತ್ತದೆ, ಬೆಳಕು ಹೆಚ್ಚು ದಾಟುತ್ತದೆ, ಪರದೆಯ ಮೇಲೆ ಗೆರೆ ಏರುತ್ತದೆ. ಮೂವತ್ತೊಂಬತ್ತು ವರ್ಷ ಎಣಿಸಿದ ಕಣಗಳು ಕೆಲಸ ಮಾಡುವುದನ್ನು ನಾನು ಕಂಡದ್ದು ಅವತ್ತೇ.

ಅಲ್ಲೊಂದು ತಮಾಷೆ ನಡೆಯಿತು. ಪರೀಕ್ಷೆಗೆ ರಕ್ತ ಕೊಟ್ಟ ಎಳೆಯ ಹುಡುಗನ ಗೆರೆ ಒಂದು ರಾಸಾಯನಿಕಕ್ಕೆ ಏಳಲೇ ಇಲ್ಲ. ಅವನ ಮುಖ ಬಿಳಿಚಿಕೊಂಡಿತು. ಕಲಿಸುತ್ತಿದ್ದ ಡಾಕ್ಟರು ನಗುತ್ತ, "ನಿನ್ನೆ ತಲೆನೋವಿಗೆ ಏನು ನುಂಗಿದೆ?" ಎಂದರು. ಆಸ್ಪಿರಿನ್! ಒಂದು ಮಾತ್ರೆ ಸಾಕು, ಆಗ ರಕ್ತದಲ್ಲಿದ್ದ ಪ್ಲೇಟ್‌ಲೆಟ್‌ಗಳು ಸಾಯುವವರೆಗೂ ಅರ್ಧ ಕೈ ಕಟ್ಟಿಸಿಕೊಂಡ ಹಾಗೆ. ಅವುಗಳ ಆಯುಸ್ಸೇ ಏಳರಿಂದ ಹತ್ತು ದಿನ. ಹೊಸವು ಬಂದ ಮೇಲಷ್ಟೇ ಎಲ್ಲ ಮೊದಲಿನಂತೆ. ಹೃದಯದ ರೋಗಿಗಳಿಗೆ ದಿನಕ್ಕೊಂದು ಚಿಕ್ಕ ಆಸ್ಪಿರಿನ್ ಕೊಡುವುದೂ ಇದೇ ಕಾರಣಕ್ಕೆ.

ಎರಡನೇ ದಿನದ ಊಟದ ಮೊದಲಿನ ಭಾಷಣಕ್ಕೆ ನಾನು ಹಿಂದಿನ ಸಾಲಿನಲ್ಲಿ, ನಿಜ ಹೇಳಬೇಕೆಂದರೆ ಸ್ವಲ್ಪ ತೂಕಡಿಸುತ್ತ ಕೂತಿದ್ದೆ. ಒಬ್ಬ ಹೆಂಗಸು ಡಾಕ್ಟರು ಮಾತಾಡುತ್ತಿದ್ದರು. ಅವರ ಒಂದು ವಾಕ್ಯ ಕಿವಿಗೆ ಬಿತ್ತು. "ಕೌಂಟ್ ನಾರ್ಮಲ್ ಇರುತ್ತದೆ. ಅದಕ್ಕೇ ಈ ಮಕ್ಕಳು ನಮ್ಮ ಕಣ್ಣು ತಪ್ಪಿಸಿ ಹೋಗುತ್ತಾರೆ."

ನಿದ್ದೆ ಹಾರಿತು.

ಅವರು ಹೇಳುತ್ತಿದ್ದದ್ದು ಗ್ಲಾನ್ಸ್‌ಮನ್ ಎಂಬ ಕಾಯಿಲೆಯ ಬಗ್ಗೆ. ಸ್ವಿಟ್ಸರ್ಲೆಂಡಿನ ಮಕ್ಕಳ ವೈದ್ಯ ಎಡ್ವಾರ್ಡ್ ಗ್ಲಾನ್ಸ್‌ಮನ್ 1918ರಲ್ಲಿ ಇದನ್ನು ಮೊದಲು ವಿವರಿಸಿದ. ಮೂಗಿನಿಂದ, ಒಸಡಿನಿಂದ ರಕ್ತ, ಸುಮ್ಮನೆ ತಾಗಿದರೂ ಮೈಮೇಲೆ ನೀಲಿ ಕಲೆ. ಹುಡುಗಿಯಾದರೆ ಮೈನೆರೆದಾಗ ನಿಲ್ಲದ ಸ್ರಾವ. ಎಣಿಸಿದರೆ ಪ್ಲೇಟ್‌ಲೆಟ್ ಬೇಕಾದಷ್ಟಿದೆ! ದೋಷ ಇರುವುದು ಅವುಗಳ ಹಿಡಿತದಲ್ಲಿ. ಒಂದು ಪ್ಲೇಟ್‌ಲೆಟ್ ಇನ್ನೊಂದನ್ನು ಹಿಡಿಯಲು ಅದರ ಮೈಮೇಲೆ ಒಂದು ಕೊಂಡಿ ಬೇಕು. ಎರಡು ಕೊಂಡಿಗಳ ನಡುವೆ ಫೈಬ್ರಿನೋಜನ್ ಎಂಬ ಪ್ರೋಟೀನು ಹಗ್ಗದಂತೆ ನಿಲ್ಲುತ್ತದೆ. ಈ ಮಕ್ಕಳಲ್ಲಿ ಆ ಕೊಂಡಿಯೇ ಇರುವುದಿಲ್ಲ, ಇದ್ದರೂ ಕೆಲಸಕ್ಕೆ ಬರುವುದಿಲ್ಲ. ದಹಿ ಹಂಡಿಯ ದಿನ ಗಲ್ಲಿಯ ತುಂಬ ಗೋವಿಂದರು ಬಂದು ನಿಂತಿದ್ದಾರೆ, ಆದರೆ ಯಾರೂ ಯಾರ ಹೆಗಲಿಗೂ ಕೈ ಹಾಕುವುದಿಲ್ಲ ಎಂದಿಟ್ಟುಕೊಳ್ಳಿ. ಸಾವಿರ ಜನ ಇದ್ದೂ ಮೂರು ಥರ ಏಳುವುದಿಲ್ಲ. ಪರದೆಯ ಮೇಲೆ ಆ ಮಕ್ಕಳ ಗೆರೆ ತೋರಿಸಿದರು. ಎಡಿಪಿ ಹಾಕಿದರೂ ಚಪ್ಪಟೆ, ಕೊಲಾಜನ್ ಹಾಕಿದರೂ ಚಪ್ಪಟೆ.

ಕೊಂಡಿ ಕಾಣೆಯಾದ ಸುಳಿವು ಮೊದಲು ಸಿಕ್ಕಿದ್ದು ಪ್ಯಾರಿಸ್ಸಿನಲ್ಲಿ. ಅಲನ್ ನರ್ಡನ್, ಜಾಕ್ ಕಾನ್ ಎಂಬ ಇಬ್ಬರು ಮೂವರು ರೋಗಿಗಳ ಪ್ಲೇಟ್‌ಲೆಟ್ ಪರೀಕ್ಷಿಸಿ ಬರೆದ ಲೇಖನ ಅದು. ಸ್ಲೈಡಿನ ಮೂಲೆಯಲ್ಲಿ ವರ್ಷ ಇತ್ತು. 1974.

ನನ್ನ ತಂಗಿ ತೀರಿಕೊಂಡದ್ದು 1974ರ ಆಷಾಢದಲ್ಲಿ. ಅವಳಿಗೆ ಹದಿಮೂರು.

ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಹಲ್ಲು ಬಿದ್ದಾಗ ಎರಡು ದಿನ ಬಾಯಲ್ಲಿ ಬಟ್ಟೆ ಕಚ್ಚಿಕೊಂಡು ಕೂತದ್ದು ನೆನಪಿದೆ. ಅವಳ ಮೊಣಕಾಲಲ್ಲಿ ಯಾವಾಗಲೂ ನೇರಳೆ ಹಣ್ಣಿನ ಬಣ್ಣದ ಕಲೆ. ಮೂಗಿನಿಂದ ರಕ್ತ ಬಂದರೆ ಅಮ್ಮ ತಲೆಗೆ ತಣ್ಣೀರು ತಟ್ಟುತ್ತಿದ್ದಳು. ನಾನು ಬೊಂಬಾಯಿಗೆ ಬಂದ ಎರಡನೇ ವರ್ಷ ಅವಳು ದೊಡ್ಡವಳಾದಳು. ರಕ್ತ ನಿಲ್ಲಲಿಲ್ಲ. ಮಳೆ ಬೇರೆ. ಒಂಬತ್ತನೇ ದಿನ ಆಸ್ಪತ್ರೆಗೆಂದು ಹೊತ್ತುಕೊಂಡು ಹೊರಟವರು ದಾರಿಯಿಂದಲೇ ವಾಪಸು ಬಂದರಂತೆ. ನನಗೆ ಗೊತ್ತಾದದ್ದು ಎಂಟು ದಿನ ಕಳೆದು, ಇನ್‌ಲ್ಯಾಂಡ್ ಪತ್ರದಲ್ಲಿ. ಹೋಟೆಲಿನ ಮೋರಿಯ ಹತ್ತಿರ ಕೂತು ಓದಿದೆ. ಆಮೇಲೆ ಎದ್ದು ಕಪ್ಪು ತೊಳೆದೆ.

ಊರಿನಲ್ಲಿ ಕಾರಣ ಸಿದ್ಧವಾಗಿತ್ತು. ಅಮ್ಮ ಗರ್ಭಿಣಿಯಿದ್ದಾಗ ಸೊಪ್ಪು ತರಲು ನಾಗಬನದ ಬದಿಗೆ ಹೋಗಿದ್ದಳು, ಆ ದೋಷ ಮಗುವಿಗೆ ತಾಗಿತು ಎಂದು ಅಜ್ಜಿ, ಅಂದರೆ ಅಪ್ಪಯ್ಯನ ತಾಯಿ, ಹೇಳಿದಳು. ಬಂದವರಿಗೆಲ್ಲ ಹೇಳಿದಳು. ಸಾಯುವವರೆಗೂ ಹೇಳಿದಳು. ಅಪ್ಪಯ್ಯ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ನಾನು? ಮರುವರ್ಷ ಊರಿಗೆ ಹೋದವನು ಅಮ್ಮನನ್ನು ನೇರವಾಗಿ ಕೇಳಿದ್ದೆ. "ನೀನು ಅಲ್ಲಿಗೆ ಯಾಕೆ ಹೋದದ್ದು?" ಅಮ್ಮ ಒಲೆ ಊದುತ್ತಿದ್ದಳು. ತಿರುಗಿ ನೋಡಲಿಲ್ಲ, ಊದುತ್ತಲೇ ಇದ್ದಳು. ಆ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಹಿಂದೆ ತೆಗೆದುಕೊಳ್ಳಲೂ ಇಲ್ಲ.

ಗ್ಲಾನ್ಸ್‌ಮನ್ ಎಂಬ ಹೆಸರು ನನ್ನ ಕೋರ್ಸಿನ ಪುಸ್ತಕದಲ್ಲೂ ಇತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಪರೀಕ್ಷೆಗೆಂದು ಉರುಹೊಡೆದಿದ್ದೆ, ಎರಡು ಮಾರ್ಕಿನ ಪ್ರಶ್ನೆ. 'ಅಪರೂಪದ ಕಾಯಿಲೆ' ಎಂದು ಬರೆದಿತ್ತು. ಅಪರೂಪದ್ದು ನಮ್ಮಂಥವರ ಮನೆಗೆ ಯಾಕೆ ಬರುತ್ತದೆ ಎಂದುಕೊಂಡೆನೋ ಏನೋ.

ಮುಂದಿನ ಸ್ಲೈಡಿನಲ್ಲಿ ಒಂದು ಕುಟುಂಬದ ನಕ್ಷೆ ಇತ್ತು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ನಡುವೆ ಜೋಡಿಗೆರೆ. ಕಾಯಿಲೆಯವರಿಗೆ ಕಪ್ಪು ತುಂಬುವುದು, ತೀರಿಕೊಂಡವರಿಗೆ ಅಡ್ಡಗೆರೆ. ಕೈ ತನ್ನಷ್ಟಕ್ಕೆ ನೋಟ್‌ಪ್ಯಾಡು ತೆರೆಯಿತು. ಅಪ್ಪಯ್ಯನಿಗೊಂದು ಚೌಕ, ಅಮ್ಮನಿಗೊಂದು ವೃತ್ತ. ಅಮ್ಮ ಅಪ್ಪಯ್ಯನ ಸೋದರಮಾವನ ಮಗಳು, ಹಾಗಾಗಿ ಜೋಡಿಗೆರೆ. ಕೆಳಗೆ ನನ್ನದೊಂದು ಚೌಕ, ತಮ್ಮನದೊಂದು, ಪಕ್ಕದಲ್ಲಿ ಒಂದು ಕಪ್ಪು ವೃತ್ತ. ಅದರ ಮೇಲೆ ಅಡ್ಡಗೆರೆ ಎಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಚಹಾದ ಹೊತ್ತಿನಲ್ಲಿ ಧೈರ್ಯ ಮಾಡಿ ಆ ಡಾಕ್ಟರ ಹತ್ತಿರ ಹೋದೆ. ಅವರು ಬಿಸ್ಕತ್ತು ಕೆಳಗಿಟ್ಟು ಹಾಳೆ ನೋಡಿದರು. ಕೇಳಬೇಕಾದ್ದನ್ನೆಲ್ಲ ಕೇಳಿದರು. ಆಮೇಲೆ ಹೇಳಿದರು: ರಕ್ತದ ಮಾದರಿ ಇಲ್ಲದೆ ಇದೇ ಕಾಯಿಲೆ ಎಂದು ಯಾರೂ ಖಚಿತವಾಗಿ ಹೇಳಲಾರರು. ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ ತೀವ್ರ ರೂಪವೂ ಆಗಿರಬಹುದು. (ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಅದನ್ನು ವಿವರಿಸಿದ್ದು ಓಲಾಂಡ್ ದ್ವೀಪದ ಒಂದು ಕುಟುಂಬವನ್ನು ನೋಡಿ. ಅವನು ಮೊದಲು ಪರೀಕ್ಷಿಸಿದ ಐದು ವರ್ಷದ ಹುಡುಗಿ ಯೋರ್ಡಿಸ್ ಮುಂದೆ ಹರೆಯಕ್ಕೆ ಬಂದಾಗ ಮುಟ್ಟಿನ ರಕ್ತಸ್ರಾವದಿಂದಲೇ ತೀರಿಕೊಂಡಳು.) "ಆದರೆ ಎರಡರಲ್ಲಿ ಯಾವುದಾದರೂ ನಿಮ್ಮ ನಕ್ಷೆ ಬದಲಾಗುವುದಿಲ್ಲ" ಎಂದು ಪೆನ್ನು ತೆಗೆದರು.

ಇಂಥ ಕಾಯಿಲೆ ಮಗುವಿಗೆ ಬರಬೇಕಾದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಪ್ರತಿ ಬರಬೇಕು. ಒಂದೇ ಪ್ರತಿ ಇದ್ದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಇದ್ದದ್ದೇ ಗೊತ್ತಿರುವುದಿಲ್ಲ. ಡಾಕ್ಟರು ಅಪ್ಪಯ್ಯನ ಚೌಕದ ಅರ್ಧಕ್ಕೆ ಬಣ್ಣ ತುಂಬಿದರು. ಅಮ್ಮನ ವೃತ್ತದ ಅರ್ಧಕ್ಕೂ ತುಂಬಿದರು. ಆಮೇಲೆ ಮೇಲಿನ ಸಾಲಿಗೆ ಹೋಗಿ, "ಇವರಿಬ್ಬರು ಯಾರು?" ಎಂದು ಕೇಳಿದರು.

"ಇದು ಅಮ್ಮನ ತಂದೆ. ಇದು ಅವರ ತಂಗಿ, ನನ್ನ ಅಜ್ಜಿ. ಅಪ್ಪಯ್ಯನ ತಾಯಿ."

ಅವರು ಆ ಇಬ್ಬರಿಗೂ ಅರ್ಧರ್ಧ ತುಂಬಿದರು. "ಬಂದ ದಾರಿ ಹೆಚ್ಚು ಕಡಿಮೆ ಇದೇ ಇರಬೇಕು" ಎಂದರು.

ಸಾಯುವವರೆಗೂ ಅಮ್ಮನನ್ನು ದೂರಿದ ಅಜ್ಜಿಯ ವೃತ್ತ ಅದು. ಅರ್ಧ ಬಿಳಿ, ಅರ್ಧ ಕಪ್ಪು.

ಮಧ್ಯಾಹ್ನ ಊಟ ಸೇರಲಿಲ್ಲ. ಕಂಪನಿಗಳ ಸ್ಟಾಲುಗಳ ಮುಂದೆ ಸುಮ್ಮನೆ ತಿರುಗಿದೆ. ಒಂದು ಕಡೆ ಪರೀಕ್ಷೆಯ ಕಿಟ್ಟಿನ ಮೇಲೆ ರಸೆಲ್ಸ್ ವೈಪರ್ ಎಂದು ಬರೆದಿತ್ತು. ಅಂದರೆ ನಮ್ಮ ಕೊಳಕುಮಂಡಲ! ಅದರ ವಿಷ ರಕ್ತವನ್ನು ಹೆಪ್ಪುಗಟ್ಟಿಸುವ ಶಕ್ತಿಯುಳ್ಳದ್ದು. 1934ರಲ್ಲೇ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಎಂಬವರು ಅದನ್ನು ತೆಳುಮಾಡಿ ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ನೋಡಿದ್ದರು. ಇವತ್ತಿಗೂ ಮತ್ತೆ ಮತ್ತೆ ಗರ್ಭಪಾತವಾಗುವ ಹೆಂಗಸರ ರಕ್ತ ಪರೀಕ್ಷೆಗೆ ಅದು ಬೇಕು. ಇನ್ನೊಂದು ಹಾವು ಗರಗಸ ಮಂಡಲ, ಕೊಂಕಣದ ಕಡೆ ಬಹಳ. ಅದರ ವಿಷದ ಒಂದು ಪ್ರೋಟೀನು ಪ್ಲೇಟ್‌ಲೆಟ್ಟಿನ ಅದೇ ಕೊಂಡಿಯನ್ನು ಮುಚ್ಚಿಬಿಡುತ್ತದೆ. ಅದನ್ನೇ ಮಾದರಿಯಾಗಿಟ್ಟುಕೊಂಡು ಟೈರೋಫಿಬಾನ್ ಎಂಬ ಔಷಧ ಮಾಡಿದ್ದಾರೆ. ಹೃದಯದ ನಾಳ ಕಟ್ಟುವಾಗ, ಪ್ಲೇಟ್‌ಲೆಟ್‌ಗಳು ಗಂಟುಕಟ್ಟದಂತೆ ತಡೆಯಲು ಅದನ್ನು ಕೊಡುತ್ತಾರೆ. ಕೊಂಡಿಗೆ ಅಷ್ಟು ಶಕ್ತಿಯಿದೆ ಎಂದು ಡಾಕ್ಟರುಗಳಿಗೆ ಕಲಿಸಿದ್ದೇ ಕೊಂಡಿಯಿಲ್ಲದ ಮಕ್ಕಳು. ನಾಗದೋಷ ಎಂದು ನಾವು ಬಾಯಿ ಮುಚ್ಚಿಸಿದ ಕಡೆಯಲ್ಲೇ ಇವರು ಹಾವನ್ನೂ ಬಿಡದೆ ಕೇಳಿ ತಿಳಿದುಕೊಂಡಿದ್ದರು.

ಮನೆಗೆ ಬಂದು ಎರಡು ದಿನ ಸುಮ್ಮನಿದ್ದೆ. ಎಂಬತ್ತಾರು ದಾಟಿದ ಅಮ್ಮನಿಗೆ ಇದನ್ನೆಲ್ಲ ಈಗ ಹೇಳಬೇಕೆ? ಹೆಂಡತಿಯನ್ನು ಕೇಳಿದೆ. "ನೀವು ಅವತ್ತು ಕೇಳಿದ್ದು ಅವರಿಗೆ ಮರೆತಿರುತ್ತದೆ ಅಂದ್ಕೊಂಡಿದ್ದೀರಾ?" ಎಂದಳು. ಅಷ್ಟೇ.

ಸಂಜೆ ಫೋನ್ ಮಾಡಿದೆ. ತಮ್ಮನ ಮಗಳು ಅಮ್ಮನ ಕಿವಿಗೆ ಹಿಡಿದಳು. ಯಾವತ್ತಿನಂತೆ, "ಉಂಡ್ಯಾ ಮಗಾ?" ಎಂದಳು. ಕೊಂಡಿ, ಪ್ರೋಟೀನು ಯಾವುದನ್ನೂ ಹೇಳಲಿಲ್ಲ. ತಂಗಿಗೆ ಇದ್ದದ್ದು ರಕ್ತದ ಒಂದು ಕಾಯಿಲೆ ಆಗಿರಬೇಕು, ಹುಟ್ಟುವಾಗಲೇ ಬಂದದ್ದು, ಅಪ್ಪಯ್ಯನಿಂದ ಅರ್ಧ, ನಿನ್ನಿಂದ ಅರ್ಧ, ನಾಗಬನಕ್ಕೂ ಅದಕ್ಕೂ ಸಂಬಂಧ ಇಲ್ಲ ಎಂದೆ. "ನಾನು ಅವತ್ತು ಕೇಳಬಾರದಿತ್ತು ಅಮ್ಮ" ಎಂದೂ ಹೇಳಿದೆ. ಐವತ್ತು ವರ್ಷ ಮೀರಿದ ಮಾತು, ಬಾಯಿಂದ ಬರುವಾಗ ಬಹಳ ಚಿಕ್ಕದಾಗಿ ಬಂತು.

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆ.

"ಅಪ್ಪಯ್ಯನಿಗೆ ಎಲ್ಲಿಂದ ಬಂತು ಅದು?"

ಹೇಳಿದೆ.

"ಹಂಗಾರೆ ಅತ್ತೆಯಲ್ಲೂ ಇದ್ದಿತ್ತು."

"ಇದ್ದಿರಬೇಕು."

ಈಗ ಅಮ್ಮ ಏನಾದರೂ ಅನ್ನಬಹುದು, ಅನ್ನಲಿ, ಅನ್ನುವ ಹಕ್ಕು ಅವಳಿಗಿದೆ ಎಂದು ಕಾದೆ. ಅಮ್ಮ ಅಂದದ್ದು ಇಷ್ಟು: "ಪಾಪ. ಅವರಿಗೂ ಗೊತ್ತಿರ್ಲಿಲ್ಲೆ, ಅಲ್ದಾ."

ಆಮೇಲೆ ಕೇಳಿದಳು, "ಈಗ ಅಂಥ ಮಕ್ಕಳು ಉಳೀತ್ವಾ?"

ಉಳಿಯುತ್ತವೆ ಅಮ್ಮ, ಎಂದೆ. ಸಮ್ಮೇಳನದಲ್ಲಿ ಕೇಳಿದ್ದನ್ನು ಹೇಳಿದೆ. ರಕ್ತ ನಿಲ್ಲಿಸುವ ಮಾತ್ರೆ ಇದೆ. ಟ್ರಾನೆಕ್ಸಾಮಿಕ್ ಆಸಿಡ್ ಅದರ ಹೆಸರು, 1962ರಲ್ಲಿ ಜಪಾನಿನ ಉತಾಕೊ ಒಕಾಮೊಟೊ ಎಂಬ ಹೆಂಗಸು ಗಂಡನ ಜೊತೆ ಸೇರಿ ಕಂಡುಹಿಡಿದದ್ದು. ಮುಟ್ಟು ಹತೋಟಿಗೆ ತರಲು ಹಾರ್ಮೋನ್ ಮಾತ್ರೆ ಇದೆ. ತೀರಾ ಬೇಕಾದರೆ ಬೇರೆಯವರು ಕೊಟ್ಟ ಪ್ಲೇಟ್‌ಲೆಟ್ ಹಾಕುತ್ತಾರೆ. (ಅದನ್ನು ಫ್ರಿಜ್ಜಿನಲ್ಲಿಡುವುದಿಲ್ಲ. 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲು ತೂಗಿದ ಹಾಗೆ ಸದಾ ಅಲ್ಲಾಡಿಸುತ್ತ ಇಡಬೇಕು. ಸಾಮಾನ್ಯವಾಗಿ ಐದೇ ದಿನ ಬಾಳಿಕೆ.) ಅಂಥ ಹುಡುಗಿಯರು ಓದುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಜಾಗ್ರತೆ ಮಾಡಿದರೆ ಹೆರಿಗೆಯೂ ಆಗುತ್ತದೆ.

"ಒಳ್ಳೇದಾಯ್ತ್" ಎಂದಳು ಅಮ್ಮ. "ಉಂಡ್ಕಂಡ್ ಮನಿಕೊ."

ಓದುಗರಿಗೆ ಒಂದು ಮಾತು, ಹಳೆಯ ಟೆಕ್ನಿಶಿಯನ್ನನ ಮಾತೆಂದು ಕೇಳಿಸಿಕೊಳ್ಳಿ. ಮನೆಯಲ್ಲಿ ಮಗುವಿಗೆ ಪದೇ ಪದೇ ಮೂಗಿನಿಂದ, ಒಸಡಿನಿಂದ ರಕ್ತ ಬರುತ್ತಿದ್ದರೆ, ಹುಡುಗಿಗೆ ಮೊದಲ ಮುಟ್ಟಿನಲ್ಲೇ ವಿಪರೀತ ಸ್ರಾವವಾದರೆ, ರಿಪೋರ್ಟಿನಲ್ಲಿ ಕೌಂಟ್ ಸರಿಯಿದೆ ಎಂದು ಸುಮ್ಮನಾಗಬೇಡಿ. ಪ್ಲೇಟ್‌ಲೆಟ್ ಕೆಲಸ ಮಾಡುತ್ತದೆಯೇ ಎಂದು ನೋಡುವ ಪರೀಕ್ಷೆ ಬೇರೆಯೇ ಇದೆ, ರಕ್ತದ ಕಾಯಿಲೆಯ ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಮುಂಬೈಯವರಿಗೆ ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲೇ ರಕ್ತದ ಕಾಯಿಲೆಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇದೆ.

ಆ ನೋಟ್‌ಪ್ಯಾಡಿನ ಹಾಳೆ ಹರಿದು ಬೀರುವಿನಲ್ಲಿಟ್ಟಿದ್ದೇನೆ. ನನ್ನ ಚೌಕ ಇನ್ನೂ ಖಾಲಿಯಿದೆ. ಇಂಥ ಮನೆಯ ಆರೋಗ್ಯವಂತ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಿಗೆ ಒಂದು ಪ್ರತಿ ಇರುವ ಸಾಧ್ಯತೆಯಂತೆ. ಅರ್ಧ ಕಪ್ಪೋ, ಪೂರ್ತಿ ಬಿಳಿಯೋ, ನನಗೂ ಗೊತ್ತಿಲ್ಲ. ಅಜ್ಜಿಗೆ ಗೊತ್ತಿಲ್ಲದ ಹಾಗೆಯೇ.